ಕ್ಯಾಸಲ್‌ರಾಕ್: ದರಪಟ್ಟಿಯಲ್ಲಿ ಸೋತ ಠೇಸನ್ನು

(ಕೋಪರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಠಾಣೆಯ ಕೋಪರಿಯಲ್ಲಿ ನಿಂತು ರೈಲಿನ ಚರಿತ್ರೆ ಹೇಳುತ್ತೇನೆ ಅಂದರೆ ನಿಮ್ಮೆಲ್ಲರ ಮನಸ್ಸು 1853ರ ಏಪ್ರಿಲ್ 16ಕ್ಕೆ ಓಡುತ್ತದೆ. ಬೋರಿಬಂದರಿನಿಂದ ಹೊರಟ ಹದಿನಾಲ್ಕು ಡಬ್ಬಿ, ಮೂರು ಎಂಜಿನ್, ನಾನೂರು ಮಂದಿ ಅತಿಥಿಗಳು, 34 ಕಿಲೋಮೀಟರ್ ದೂರದ ಠಾಣೆ. ಆ ಕತೆ ಇಲ್ಲಿಯ ಮಕ್ಕಳಿಗೂ ಬಾಯಿಪಾಠ. ಹಾಗಾಗಿ ನಾನು ಅದನ್ನು ಹೇಳುವುದಿಲ್ಲ. ಠಾಣೆಗೆ ಬಂದ ಆ ಹಳಿ ಮುಂದೆ ಬೆಳೆದು ಘಟ್ಟ ಹತ್ತಿ, ಎಲ್ಲೋ ದೂರದ ಒಂದು ಕಾಡಿನ ಠೇಸನ್ನಿನ ಅನ್ನ ಹೇಗೆ ಕಸಿಯಿತು ಎನ್ನುವುದನ್ನು ಹೇಳುತ್ತೇನೆ. ಆ ಠೇಸನ್ನು ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್.

ಮೊದಲು ಒಂದು ಹತ್ತಿರದ ಘಟನೆ. 2021ರ ಜುಲೈ 23. ಕೊಂಕಣದಲ್ಲಿ ಮಹಾಮಳೆ, ಚಿಪಳೂಣ ಮುಳುಗಿತ್ತು. ಮಂಗಳೂರಿನಿಂದ ಮುಂಬಯಿಗೆ ಹೊರಟ ಗಾಡಿ ಕೊಂಕಣ ರೈಲ್ವೆಯಲ್ಲಿ ಬರುವಂತಿರಲಿಲ್ಲ. ಮಡಗಾಂವದಿಂದ ಅದನ್ನು ಲೋಂಡಾ, ಮೀರಜ ಮಾರ್ಗಕ್ಕೆ ತಿರುಗಿಸಿದರು. ದೂಧಸಾಗರ ಮತ್ತು ಸೋನಾಲಿಂ ನಡುವೆ ಗುಡ್ಡ ಜರಿದು ಹಳಿಯ ಮೇಲೆ ಬಿತ್ತು. ಎಂಜಿನ್ನೂ ಅದರ ಹಿಂದಿನ ಜನರಲ್ ಡಬ್ಬಿಯೂ ಹಳಿ ತಪ್ಪಿದವು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಇಲ್ಲಿ ಕುಳಿತವರಲ್ಲಿ ಕರಾವಳಿಯವರು ಬಹಳ ಮಂದಿ ಇದ್ದೀರಿ. ಅಂದು ನಿಮ್ಮ ಮನೆಗಳಲ್ಲಿ ಟಿವಿ ಮುಂದೆ ಕುಳಿತವರೆಲ್ಲ ಕೇಳಿದ ಪ್ರಶ್ನೆ ಒಂದೇ: ನಮ್ಮ ಮಂಗಳೂರು ಗಾಡಿ ಆ ಕಾಡಿನೊಳಗೆ ಏನು ಮಾಡುತ್ತಿತ್ತು?

ಅದು ಹಳೆಯ ದಾರಿ ಹಿಡಿದಿತ್ತು. ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದದ್ದು 1998ರ ಜನವರಿಯಲ್ಲಿ. ಅದಕ್ಕೆ ಮೊದಲು ನೂರು ವರ್ಷಕ್ಕೂ ಮೇಲ್ಪಟ್ಟು ಗೋವೆಯಿಂದ ಮುಂಬಯಿಗೆ ರೈಲಿನಲ್ಲಿ ಬರುವವರಿಗೆ ಇದ್ದ ದಾರಿ ಅದೊಂದೇ. ಕುಳೆಂ, ದೂಧಸಾಗರ, ಕ್ಯಾಸಲ್‌ರಾಕ್, ತಿನೈಘಾಟ, ಲೋಂಡಾ, ಬೆಳಗಾವಿ, ಮೀರಜ, ಪುಣೆ; ಆಮೇಲೆ ಖಂಡಾಳಾ ಇಳಿದು ಕಲ್ಯಾಣ, ಠಾಣೆ. ನಾನು ಅಳ್ನಾವರ ಕಡೆಯವನು. ನಾವು ಹುಡುಗರಾಗಿದ್ದಾಗ ಮುಂಬಯಿಗೆ ಹೊರಟವರಿಗೆ ಹಿರಿಯರು ಹೇಳುತ್ತಿದ್ದ ಬುದ್ಧಿಮಾತು ಎರಡೇ. ರೊಕ್ಕ ಒಳಕಿಸೆದಾಗ ಇಡು; ಮೀರಜದಾಗ ಮಲಗಬ್ಯಾಡ, ಗಾಡಿ ಬದಲಿ ಐತಿ. ಮೀಟರ್ ಗೇಜಿನ ಸಣ್ಣ ಗಾಡಿ ಅಲ್ಲಿಗೆ ಮುಗಿದು, ಬ್ರಾಡ್ ಗೇಜಿನ ದೊಡ್ಡ ಗಾಡಿ ಅಲ್ಲಿಂದ ಶುರು. ನಮ್ಮ ಪಾಲಿಗೆ ಮುಂಬಯಿ ಸುರುವಾಗುತ್ತಿದ್ದದ್ದು ಮೀರಜಿನ ಪ್ಲಾಟ್‌ಫಾರ್ಮಿನಲ್ಲಿ.

ಕ್ಯಾಸಲ್‌ರಾಕನ್ನು ನಾನು ಮೊದಲು ನೋಡಿದ್ದು ಸೋದರಮಾವನ ಜತೆ. ಅವರು ಎಂಜಿನ್ನಿನಲ್ಲಿ ಕಲ್ಲಿದ್ದಲು ಹಾಕುವ ಫೈರ್‌ಮನ್. ಜುಲೈ ತಿಂಗಳು. ಪ್ಲಾಟ್‌ಫಾರ್ಮಿನ ಈ ತುದಿಯಲ್ಲಿ ನಿಂತರೆ ಆ ತುದಿ ಕಾಣುತ್ತಿರಲಿಲ್ಲ, ಅಷ್ಟು ಮಂಜು. ಕರ್ನಾಟಕದಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳ ಪಟ್ಟಿಯಲ್ಲಿ ಈ ಹೆಸರು ಸದಾ ಇರುತ್ತದೆ. ವರ್ಷಕ್ಕೆ 5000 ಮಿಲಿಮೀಟರ್ ಅಲ್ಲಿ ದೊಡ್ಡ ಸುದ್ದಿಯಲ್ಲ. ಊರು ಎಂದರೆ ರೈಲ್ವೆ ಕ್ವಾರ್ಟರ್ಸುಗಳು, ಒಂದಷ್ಟು ಅಂಗಡಿ, ಮಿಕ್ಕದ್ದೆಲ್ಲ ಕಾಡು. ಆದರೆ ಹಳಿಗಳು ಮಾತ್ರ ಊರಿಗೆ ಹೊಂದದಷ್ಟು. ಇಷ್ಟು ಸಣ್ಣ ಊರಿಗೆ ಇಷ್ಟು ಹಳಿ ಯಾಕೆ ಮಾಮಾ ಅಂತ ಕೇಳಿದೆ. ಮಾವ ಹೇಳಿದ್ದು: "ಊರಿಗಲ್ಲೋ, ಘಾಟಿಗೆ."

ಅವರ ಮಾತಿನ ಅರ್ಥ ತಾಂತ್ರಿಕವಾದದ್ದು. ಕ್ಯಾಸಲ್‌ರಾಕಿನಿಂದ ಕುಳೆಂಗೆ ಇಳಿಯುವ ದಾರಿಗೆ ಬ್ರಗಾಂಝಾ ಘಾಟ್ ಎಂದು ಹೆಸರು, ಪೋರ್ತುಗಾಲಿನ ರಾಜಮನೆತನದ ಹೆಸರು ಅದು. ಅಲ್ಲಿ ಮೂವತ್ತೇಳು ಅಡಿ ಮುಂದೆ ಸಾಗಿದರೆ ಒಂದು ಅಡಿ ಇಳಿತ. ಕೇಳುವಾಗ ಇಷ್ಟೇನಾ ಅನಿಸುತ್ತದೆ. ಸಾವಿರಾರು ಟನ್ನಿನ ಗಾಡಿ, ಉಕ್ಕಿನ ಹಳಿ, ಉಕ್ಕಿನ ಗಾಲಿ, ಮೇಲೆ ಮಳೆ ಎಂದು ಸೇರಿಸಿ ನೋಡಿ. ಇಳಿಯುವಾಗ ಹಿಡಿದು ನಿಲ್ಲಿಸಲು, ಏರುವಾಗ ಹಿಂದಿನಿಂದ ನೂಕಲು ಹೆಚ್ಚಿನ ಎಂಜಿನ್ ಬೇಕು. ರೈಲ್ವೆಯವರು ಅದಕ್ಕೆ ಬ್ಯಾಂಕರ್ ಅನ್ನುತ್ತಾರೆ. ಈ ಬ್ಯಾಂಕರುಗಳು ಬಂದು ಸೇರಲು, ಬಿಡಿಸಿಕೊಂಡು ನಿಲ್ಲಲು, ಎದುರು ಗಾಡಿ ಬರುವವರೆಗೆ ಕಾಯಲು ಜಾಗ ಬೇಕು. ಅದಕ್ಕೇ ಅಷ್ಟು ಹಳಿ. ಕರ್ಜತದಲ್ಲಿ ಗಾಡಿಯ ಹಿಂದೆ ಎಂಜಿನ್ ಕಟ್ಟುವ ಸದ್ದಿಗೆ ನಿದ್ದೆಯಿಂದ ಎದ್ದವರಿಗೆ ಇದು ಗೊತ್ತು. ನಮ್ಮ ಭೋರ್ ಘಾಟಿನ ಏರೂ ಮೂವತ್ತೇಳಕ್ಕೆ ಒಂದೇ. ಎರಡು ಘಾಟು, ಒಂದೇ ಏರು. ಆದರೆ ಒಂದು ಘಾಟಿನ ಬುಡದಲ್ಲಿ ಮುಂಬಯಿ, ಕಲ್ಯಾಣ, ಠಾಣೆ. ಇನ್ನೊಂದರ ನೆತ್ತಿಯಲ್ಲಿ ಇನ್ನೂ ಅದೇ ಒಂದು ಹಿಡಿ ಕ್ವಾರ್ಟರ್ಸು. ಹೀಗೇಕಾಯಿತು?

ಉತ್ತರ ಹತ್ತಿಯಲ್ಲಿದೆ. ಧಾರವಾಡ ಸೀಮೆಯ ಕಪ್ಪು ನೆಲದ ಹತ್ತಿಯ ಮೇಲೆ ಮುಂಬಯಿಯ ವ್ಯಾಪಾರಿಗಳಿಗೂ ಮ್ಯಾಂಚೆಸ್ಟರಿನವರಿಗೂ ಕಣ್ಣಿತ್ತು. ಆ ಹತ್ತಿಯನ್ನು ಹತ್ತಿರದ ಕಡಲಿಗೆ ಇಳಿಸಬೇಕು. ಕಾರವಾರ ಬಂದರು ಬೆಳೆಸೋಣ ಅಂತ ಮಾತೆದ್ದಿತು. ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಬಂದದ್ದರ ಹಿಂದೆಯೂ ಈ ಹತ್ತಿಯ ಒತ್ತಾಯವಿತ್ತು. ಇದನ್ನು ಇಲ್ಲಿಯ ಕನ್ನಡಿಗರು ನೆನಪಿಟ್ಟುಕೊಳ್ಳಬೇಕು: 1862ರಿಂದ 1956ರ ನವೆಂಬರ್ 1ರವರೆಗೆ ಕ್ಯಾಸಲ್‌ರಾಕ್ ಇರುವ ಜಿಲ್ಲೆಯೂ ಈ ಠಾಣೆ ಜಿಲ್ಲೆಯೂ ಒಂದೇ ಮುಂಬಯಿ ಸರ್ಕಾರದ ಕೆಳಗಿದ್ದವು. ಕಾರವಾರದಿಂದ ಹುಬ್ಬಳ್ಳಿಗೆ ಹಳಿ ಹಾಕುವ ಯೋಚನೆ ಬಂತು, ಸರ್ವೆಯೂ ನಡೆಯಿತು, ಕೈಬಿಟ್ಟುಹೋಯಿತು. ಹುಬ್ಬಳ್ಳಿ–ಅಂಕೋಲಾ ಮಾರ್ಗ ಈಗಲೂ ಮಾತಾಗಿಯೇ ಉಳಿದಿದೆ. ಆ ಕತೆ ಎತ್ತಿದರೆ ನನ್ನ ಒಂದು ಗಂಟೆ ಅಲ್ಲೇ ಮುಗಿಯುತ್ತದೆ.

ಕಾರವಾರ ಕಳೆದುಕೊಂಡದ್ದನ್ನು ಗೋವೆಯ ಮುರ್ಗಾಂವ ಪಡೆಯಿತು. 1878ರ ಡಿಸೆಂಬರಿನಲ್ಲಿ ಇಂಗ್ಲೆಂಡ್ ಮತ್ತು ಪೋರ್ತುಗಾಲ್ ಒಪ್ಪಂದಕ್ಕೆ ಸಹಿ ಹಾಕಿದವು. ಗೋವೆಗೂ ಬ್ರಿಟಿಷ್ ಇಂಡಿಯಾಕ್ಕೂ ನಡುವೆ ಸುಂಕದ ಗೋಡೆ ಇರಕೂಡದು. ಗೋವೆಯ ಉಪ್ಪಿನ ಹತೋಟಿ ಬ್ರಿಟಿಷರಿಗೆ. ಅದಕ್ಕೆ ಬದಲಾಗಿ ವರ್ಷಕ್ಕೆ ನಾಲ್ಕು ಲಕ್ಷ ರೂಪಾಯಿ ಗೋವೆ ಸರ್ಕಾರಕ್ಕೆ. ಮುರ್ಗಾಂವದಲ್ಲಿ ಬಂದರು, ಅಲ್ಲಿಂದ ಘಟ್ಟದ ಮೇಲಿನವರೆಗೆ ರೈಲು. ಹಳಿ ಹಾಕಲು ಲಂಡನ್ನಿನಲ್ಲಿ ಒಂದು ಕಂಪನಿ ಹುಟ್ಟಿತು, ವೆಸ್ಟ್ ಆಫ್ ಇಂಡಿಯಾ ಪೋರ್ತುಗೀಸ್ ರೈಲ್ವೆ. ಹೂಡಿದ ಹಣದ ಬಡ್ಡಿಗೆ ಲಿಸ್ಬನ್ ಖಾತರಿ ನಿಂತಿತು. ಗೋವೆಯ ಉಪ್ಪಿನ ಆಗರದವರು ಈ ಒಪ್ಪಂದದಲ್ಲಿ ಹಾಳಾದರು. ಉಪ್ಪು ಮಾರಿ ಹಳಿ ಕೊಂಡಂತಾಯಿತು ಎಂದರೆ ತಪ್ಪಿಲ್ಲ.

ಘಟ್ಟದ ಮೇಲೆ ಕೆಲಸ ಮಾಡುತ್ತಿದ್ದದ್ದು ಸದರ್ನ್ ಮರಾಠಾ ರೈಲ್ವೆ, 1882ರಲ್ಲಿ ಹುಟ್ಟಿದ ಕಂಪನಿ. 1876ರಿಂದ 78ರವರೆಗಿನ ಬರ ನೋಡಿದ ಸರ್ಕಾರ, ಕಾಳು ಸಾಗಿಸಲು ಹಳಿ ಬೇಕು ಅಂತ ಈ ಸೀಮೆಗೆ ಮೀಟರ್ ಗೇಜ್ ತಂದಿತು. ಕೆಳಗಿನಿಂದ ಪೋರ್ತುಗೀಸ್ ಕಂಪನಿಯ ಹಳಿ 1887ರಲ್ಲಿ ಸಾವರ್ಡೆವರೆಗೆ ಬಂದು, 1888ರಲ್ಲಿ ಘಾಟು ಹತ್ತಿತು. ಮೇಲಿನಿಂದ ಮರಾಠಾ ರೈಲ್ವೆಯ ಹಳಿ ಲೋಂಡಾ ದಾಟಿ ಬಂತು. ಎರಡು ಕಂಪನಿ, ಎರಡು ದೇಶ, ಸೇರಿದ ಜಾಗ ಕ್ಯಾಸಲ್‌ರಾಕ್. ಅಲ್ಲಿಂದ ಮುರ್ಗಾಂವಕ್ಕೆ 82 ಕಿಲೋಮೀಟರ್.

ಈಗ ಲೆಕ್ಕ ಹಾಕೋಣ. ಹುಬ್ಬಳ್ಳಿಯಿಂದ ಮುರ್ಗಾಂವದ ಬಂದರಿಗೆ ಇನ್ನೂರು ಕಿಲೋಮೀಟರಿನ ಆಸುಪಾಸು. ಹುಬ್ಬಳ್ಳಿಯಿಂದ ಬೆಳಗಾವಿ, ಪುಣೆ ಮೇಲೆ ಮುಂಬಯಿಗೆ ಏಳುನೂರಕ್ಕೂ ಹೆಚ್ಚು, ಅದೂ ಆಗ ಮೀರಜದಲ್ಲಲ್ಲ, ಪುಣೆಯಲ್ಲಿ ಸಣ್ಣ ಗಾಡಿಯ ಮಾಲನ್ನು ಇಳಿಸಿ ದೊಡ್ಡ ಗಾಡಿಗೆ ತುಂಬಬೇಕು. ಹತ್ತಿಯ ಅಂಡಿಗೆ ಯಾವ ಕಡೆ ಹೋಗಬೇಕು? ಶಾಲೆಯ ಹುಡುಗನೂ ಮುರ್ಗಾಂವ ಅಂತಾನೆ. ಲಂಡನ್ನಿನ ಷೇರುದಾರರೂ ಹಾಗೇ ಅಂದುಕೊಂಡಿದ್ದರು.

ಹತ್ತಿ ಮುಂಬಯಿಗೆ ಹೋಯಿತು.

ಇಲ್ಲಿಗೆ ನಮ್ಮ ಠಾಣೆಯ ಹಳಿ ಬರುತ್ತದೆ. ಠಾಣೆಗೆ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮರುವರ್ಷವೇ, 1854ರಲ್ಲಿ, ಖಾಡಿಗೆ ಸೇತುವೆ ಹಾಕಿ ಕಲ್ಯಾಣ ಮುಟ್ಟಿತು. 1863ಕ್ಕೆ ಭೋರ್ ಘಾಟನ್ನು ಹತ್ತಿತು. ಅದು ಸಾವಿರಾರು ಕೂಲಿಗಳ ಜೀವ ತಿಂದ ಕೆಲಸ. 1859ರಲ್ಲಿ ಗುತ್ತಿಗೆದಾರ ಸಾಲೊಮನ್ ಟ್ರೆಡ್ವೆಲ್ ತೀರಿಕೊಂಡಾಗ ಅವನ ಹೆಂಡತಿ ಆಲಿಸ್ ಗುತ್ತಿಗೆಯನ್ನು ಮುಂದುವರಿಸಿದಳು ಎನ್ನುವುದನ್ನಾದರೂ ಖಂಡಾಳಾಕ್ಕೆ ಪಿಕ್‌ನಿಕ್ ಹೋಗುವ ನಮ್ಮ ಮಂದಿ ತಿಳಿದಿರಬೇಕು. ಕ್ಯಾಸಲ್‌ರಾಕಿನ ಹಳಿ ತೆರೆಯುವ ಹೊತ್ತಿಗೆ ಈ ಕಂಪನಿಗೆ ಮೂವತ್ತೈದು ವರ್ಷದ ಅನುಭವ. ಬಿಜಾಪುರ ಸೀಮೆಯ ಮಾಲಿಗೆ 1884ರಿಂದ ಗದಗಿನಿಂದ ಹೊಟಗಿ ಜಂಕ್ಷನ್ನಿಗೆ ದಾರಿಯಿತ್ತು. 1890ಕ್ಕೆ ಪುಣೆಯಲ್ಲೂ ಕೂಡುದಾರಿ ಆಯಿತು. ಎರಡೂ ಬಾಗಿಲಿನ ಆಚೆ ನಿಂತದ್ದು ಪೆನಿನ್ಸುಲಾ ಕಂಪನಿಯೇ. ಅದು ದೂರದ ಮಾಲಿಗೆ ದರ ಇಳಿಸಿತು. ಹತ್ತಿರದ ಮುರ್ಗಾಂವಕ್ಕೆ ಕಳಿಸಿದರೆ ಉಳಿಯುವ ಕಾಸು ದೊಡ್ಡದಾಗಿ ಉಳಿಯದ ಹಾಗೆ ಮಾಡಿತು.

ದರ ಒಂದೇ ಕಾರಣವಲ್ಲ, ಅದನ್ನೂ ಒಪ್ಪಬೇಕು. ಮುಂಬಯಿಯಲ್ಲಿ ಗಿರಣಿಗಳಿದ್ದವು, ದಲಾಲರಿದ್ದರು, ಹುಂಡಿ ಸಲ್ಲುವ ಪೇಢಿಗಳಿದ್ದವು, ಯಾವ ವಾರ ಬೇಕಾದರೂ ಹಡಗು ಸಿಗುತ್ತಿತ್ತು. ಮುರ್ಗಾಂವದಲ್ಲಿ ಧಕ್ಕೆ ಇತ್ತು, ಪೇಟೆ ಇರಲಿಲ್ಲ. ಹುಬ್ಬಳ್ಳಿಯ ಸಾವಕಾರ ಮೂರ್ಖನಲ್ಲ: ಮಾಲು ಮಾರುವ ಕಡೆಗೆ ಹೋಗಬೇಕು, ಹಡಗು ಹತ್ತುವ ಕಡೆಗಷ್ಟೇ ಹೋದರೆ ಸಾಲದು. ಆದರೂ ನನ್ನ ತೀರ್ಮಾನ ಇಷ್ಟು: ಪೇಟೆ ಬೆಳೆಯಲು ಮುರ್ಗಾಂವಕ್ಕೆ ಇಪ್ಪತ್ತು ವರ್ಷದ ಅವಕಾಶ ಬೇಕಿತ್ತು, ಪೆನಿನ್ಸುಲಾ ಕಂಪನಿಯ ದರಪಟ್ಟಿ ಅದನ್ನು ಕೊಡಲಿಲ್ಲ. ಅದರ ಮೇಲೆ 1892ರಲ್ಲಿ ಒಪ್ಪಂದದ ಹನ್ನೆರಡು ವರ್ಷದ ಅವಧಿ ಮುಗಿಯಿತು, ನವೀಕರಣ ಆಗಲಿಲ್ಲ. ಸುಂಕವಿಲ್ಲದ ಕಾಲದಲ್ಲಿ, ಸುಂಕವಿಲ್ಲ ಎಂದೇ ಕಟ್ಟಿದ ಹಳಿ. ತೆರೆದ ನಾಲ್ಕೇ ವರ್ಷಕ್ಕೆ ಅದರ ನೆತ್ತಿಯ ಮೇಲೆ ಸುಂಕದ ಕಟ್ಟೆ ಬಂದು ಕೂತಿತು. ಪೋರ್ತುಗೀಸ್ ಕಂಪನಿ ನಷ್ಟದಲ್ಲೇ ನಡೆದು, 1902ರಲ್ಲಿ ಗಾಡಿ ಓಡಿಸುವ ಹೊಣೆಯನ್ನು ಸದರ್ನ್ ಮರಾಠಾ ರೈಲ್ವೆಗೆ ವಹಿಸಿಕೊಟ್ಟಿತು.

ಈ ಹಳಿಯ ಕತೆ ಓದುತ್ತಿದ್ದಾಗ ನನಗೆ ಸ್ವೀಡನ್ ಮತ್ತು ನಾರ್ವೆ ಗಡಿಯ ಒಂದು ಪುಟ್ಟ ಠೇಸನ್ನು ನೆನಪಾಗುತ್ತಿತ್ತು. ಹೆಸರು ರಿಕ್ಸ್‌ಗ್ರೆನ್ಸೆನ್, ಅದರ ಅರ್ಥವೇ ರಾಜ್ಯದ ಗಡಿ. ಅಲ್ಲಿ ಮಳೆಯ ಬದಲು ಹಿಮ. ಸ್ವೀಡನ್ನಿನ ಕಿರುನಾ ಗಣಿಯ ಕಬ್ಬಿಣದ ಅದಿರು ಆ ಠೇಸನ್ನು ದಾಟಿ ನಾರ್ವೆಯ ನಾರ್ವಿಕ್ ಬಂದರಿಗೆ ಇಳಿಯುತ್ತದೆ. ಹಳಿ ಮುಗಿದದ್ದು 1902ರಲ್ಲಿ, ಎರಡೂ ದೇಶಕ್ಕೆ ಒಬ್ಬನೇ ರಾಜನಿದ್ದಾಗ. 1905ರಲ್ಲಿ ಆ ಕೂಟ ಮುರಿಯಿತು. ನೋಡಿ, ನಮ್ಮ ಕತೆಯ ಹಾಗೇ ಇದೆ: ಗಡಿ ಸಡಿಲವಿದ್ದಾಗ ಕಟ್ಟಿದ್ದು, ಕಟ್ಟಿದ ಮೇಲೆ ಗಡಿ ಬಿಗಿಯಾದದ್ದು. ಆದರೂ ನಾರ್ವಿಕ್ ಸೋಲಲಿಲ್ಲ. ಯಾಕೆಂದರೆ ಸ್ವೀಡನ್ನಿನದೇ ಬಂದರು ಲುಲೆಯೊ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ, ನಾರ್ವಿಕ್ ಹೆಪ್ಪುಗಟ್ಟುವುದಿಲ್ಲ. ಪ್ರತಿಸ್ಪರ್ಧಿ ವರ್ಷದಲ್ಲಿ ಕೆಲವು ತಿಂಗಳು ಬಾಗಿಲು ಮುಚ್ಚುತ್ತಿದ್ದ. ಮುರ್ಗಾಂವಕ್ಕೆ ಆ ಭಾಗ್ಯವಿರಲಿಲ್ಲ. ಮುಂಬಯಿಯ ಕಡಲು ಹೆಪ್ಪುಗಟ್ಟುವುದಿಲ್ಲವಲ್ಲ!

ಮಾಲು ಬಾರದ ಠೇಸನ್ನಿಗೆ ಜನ ಬಂದರು. ಗೋವೆಯಿಂದ ಮುಂಬಯಿಗೆ ಅಡಿಗೆಗೆ, ಬ್ಯಾಂಡಿಗೆ, ಹಡಗಿನ ಕೆಲಸಕ್ಕೆ ಹೊರಟವರಲ್ಲಿ ಎಷ್ಟೋ ಮಂದಿ ತಮ್ಮ ಟ್ರಂಕುಗಳನ್ನು ಬಿಚ್ಚಿ ತೋರಿಸಿದ್ದು ಈ ಘಾಟಿನ ಎರಡು ತುದಿಗಳಲ್ಲಿ. ಕೆಳಗೆ ಕುಳೆಂದಲ್ಲಿ ಪೋರ್ತುಗೀಸರ ತಪಾಸಣೆ, ಮೇಲೆ ಕ್ಯಾಸಲ್‌ರಾಕಿನಲ್ಲಿ ಈ ಕಡೆಯದು. ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿ ರಾಜ್ಯದಲ್ಲಿ ಪಾನನಿಷೇಧ, ಗೋವೆಯಲ್ಲಿ ಇಲ್ಲ. ಆಗ ತಪಾಸಣೆಯವರಿಗೆ ಬಿಡುವಿಲ್ಲದಷ್ಟು ಕೆಲಸ. ಆ ಕಾಲದ ಟ್ರಂಕುಗಳ ಕತೆಗಳನ್ನು ಮಾವ ಹೇಳುತ್ತಿದ್ದರು, ಅವು ಸಭೆಯಲ್ಲಿ ಹೇಳುವಂಥವಲ್ಲ.

ಈ ಹಳಿಯ ಮೇಲೆ ಬೇರೆ ಜನವೂ ಓಡಾಡಿದರು. 1946ರ ಜೂನ್ 18ರಂದು ಮಡಗಾಂವದಲ್ಲಿ ಸಭೆ ಮಾಡಿ ಗೋವೆಯ ಬಿಡುಗಡೆಯ ಕಿಡಿ ಹಚ್ಚಿದ ರಾಮಮನೋಹರ ಲೋಹಿಯಾ, ಸೆಪ್ಟೆಂಬರಿನಲ್ಲಿ ಮತ್ತೆ ಗೋವೆಗೆ ಹೊರಟರು. ಗಾಡಿ ಘಾಟು ಇಳಿಯಿತು, ಕುಳೆಂ ಠೇಸನ್ನಿನಲ್ಲೇ ಪೋರ್ತುಗೀಸರು ಅವರನ್ನು ಹಿಡಿದು ಆಗ್ವಾದ ಕೋಟೆಗೆ ಸಾಗಿಸಿದರು. 1955ರ ಆಗಸ್ಟ್ 15ರಂದು ಗಡಿಯ ಹಲವು ಕಡೆಗಳಿಂದ ಸತ್ಯಾಗ್ರಹಿಗಳು ಗೋವೆಯೊಳಗೆ ನಡೆದರು, ಕ್ಯಾಸಲ್‌ರಾಕ್ ಕಡೆಯಿಂದಲೂ ನಡೆದರು. ಪೋರ್ತುಗೀಸರು ಗುಂಡು ಹಾರಿಸಿದರು. ಆ ದಿನ ಗಡಿಯುದ್ದಕ್ಕೂ ಸತ್ತವರು ಇಪ್ಪತ್ತಕ್ಕೂ ಹೆಚ್ಚು. ಆ ವರ್ಷವೇ ಭಾರತ ಸರ್ಕಾರ ಗೋವೆಗೆ ರೈಲು ಸಂಪರ್ಕ ಕಡಿಯಿತು. ಗಾಡಿ ದಾಟದ ಗಡಿ ಠೇಸನ್ನು ಹೇಗಿರುತ್ತದೆ ಎಂದು ಊಹಿಸಿ. ಮಾಸ್ತರ ಇದ್ದಾನೆ, ಸಿಗ್ನಲ್ ಇದೆ, ಮುಂದಿನ ಸುರಂಗದೊಳಗೆ ಹಳಿಯೂ ಇದೆ. ಆಚೆಗೆ ಗಾಡಿ ಇಲ್ಲ. ಆರು ವರ್ಷ ಹೀಗೇ ಕಳೆಯಿತು. 1961ರ ಡಿಸೆಂಬರಿನಲ್ಲಿ ಭಾರತದ ಸೇನೆ ಗೋವೆಯೊಳಗೆ ಹೋಯಿತು. ಆಮೇಲೆ ಹಳಿ ಮತ್ತೆ ಬದುಕಿತು, ಎರಡು ದೇಶದ ಗಡಿ ಎರಡು ರಾಜ್ಯದ ಗಡಿಯಾಯಿತು. ಸುಂಕದವರು ಹೋದರು, ಬ್ಯಾಂಕರುಗಳು ಉಳಿದವು.

ಮಾಲು ಕೊನೆಗೂ ಬಂತು, ಬಹಳ ತಡವಾಗಿ, ಹತ್ತಿಯ ರೂಪದಲ್ಲಲ್ಲ. ಬಳ್ಳಾರಿ ಹೊಸಪೇಟೆಯ ಅದಿರು ಮುರ್ಗಾಂವಕ್ಕೆ ಇಳಿಯಿತು. ಈಗ ಹೊರದೇಶದ ಕಲ್ಲಿದ್ದಲು ಮುರ್ಗಾಂವದಿಂದ ಘಾಟು ಹತ್ತಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಡೆ ಹೋಗುತ್ತದೆ. 1990ರ ದಶಕದಲ್ಲಿ ಘಾಟಿನ ಹಳಿ ಬ್ರಾಡ್ ಗೇಜಾಯಿತು, ಮೀರಜದ ಬದಲಿ ತಪ್ಪಿತು. ತಪ್ಪಿದ ಬೆನ್ನಿಗೇ ಕೊಂಕಣ ರೈಲ್ವೆ ಬಂದು ಮುಂಬಯಿಯ ಪ್ರಯಾಣಿಕರನ್ನು ದಿವಾ, ಪನವೇಲ ದಾರಿಗೆ ಎಳೆದುಕೊಂಡಿತು. ಹತ್ತೊಂಬತ್ತನೇ ಶತಮಾನದಲ್ಲಿ ಮಾಲನ್ನು ಈ ಕಡೆಯ ಹಳಿ ಕಸಿದಿತ್ತು, ಇಪ್ಪತ್ತರ ಕೊನೆಗೆ ಜನರನ್ನೂ ಈ ಕಡೆಯ ಹಳಿಯೇ ಕಸಿಯಿತು. ನಾವು ಈಗ ಊರಿಗೆ ಹೋಗುವ ಸುಖದ ಹಿಂದೆ ಈ ಲೆಕ್ಕವೂ ಇದೆ.

ಕಲ್ಲಿದ್ದಲಿಗಾಗಿ ಘಾಟಿನಲ್ಲಿ ಎರಡನೇ ಹಳಿ ಹಾಕಬೇಕೆಂದು ಯೋಜನೆಯಾಯಿತು. ಅಭಯಾರಣ್ಯದ ನಡುವೆ ಹೋಗುವ ಹಳಿ ಅದು. ಗೋವೆಯಲ್ಲಿ ಜನ ಬೀದಿಗಿಳಿದರು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕ್ಯಾಸಲ್‌ರಾಕ್–ಕುಳೆಂ ಜೋಡಿಹಳಿಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ರದ್ದು ಮಾಡಿತು. ನನಗೆ ಈ ತೀರ್ಪು ಸರಿ ಎನಿಸುತ್ತದೆ. ರೈಲ್ವೆಯವರ ಮನೆಯಲ್ಲಿ ಬೆಳೆದವನು ಹೀಗೆ ಹೇಳಬಾರದೇನೋ. ಆದರೆ ಜುಲೈ ತಿಂಗಳಲ್ಲಿ ಆ ಗುಡ್ಡ ಜರಿಯುವುದನ್ನು ಕಂಡವರು ಅದನ್ನು ಇನ್ನೊಮ್ಮೆ ಕೊರೆಯಿರಿ ಎಂದು ಹೇಳಲಾರರು.

ಈ ನಡುವೆ ದೂಧಸಾಗರ ಜಲಪಾತ ಸಿನಿಮಾದಲ್ಲಿ ಬಂತು, ಮೊಬೈಲಿನಲ್ಲಿ ಬಂತು. ಹಳಿಯ ಮೇಲೆ ನಡೆದು ಹೋಗುವ ಹುಡುಗರನ್ನು 2023ರ ಮಳೆಗಾಲದಲ್ಲಿ ರೈಲ್ವೆ ಪೊಲೀಸರು ಹಿಡಿದು ಬಸ್ಕಿ ಹೊಡೆಸಿದ್ದನ್ನು ನೀವೂ ನೋಡಿದ್ದೀರಿ. ಡೊಂಬಿವಿಲಿಯ ಟ್ರೆಕ್ಕಿಂಗ್ ಮಕ್ಕಳಿಗೆ ಒಂದು ಮಾತು: ಆ ಘಾಟಿನಲ್ಲಿ ಹಳಿಯ ಪಕ್ಕ ನಿಲ್ಲಲು ಜಾಗವಿಲ್ಲದ ತಿರುವುಗಳಿವೆ, ಮಂಜಿನಲ್ಲಿ ಬ್ಯಾಂಕರಿನ ಸದ್ದು ಯಾವ ಕಡೆಯದು ಎಂದು ತಿಳಿಯುವುದಿಲ್ಲ. ಗಾಡಿಯಲ್ಲಿ ಕುಳಿತು ನೋಡಿ.

ಕೊನೆಯದಾಗಿ, ಈ ಸಭೆಯಲ್ಲಿ ಒಂದು ಬೇಡಿಕೆ ಇಡುತ್ತೇನೆ. ನಿಮ್ಮಲ್ಲಿ ಹಲವರ ಅಜ್ಜ, ಮಾವಂದಿರು ಹುಬ್ಬಳ್ಳಿ, ಲೋಂಡಾ, ಮೀರಜ, ಕಲ್ಯಾಣಗಳಲ್ಲಿ ರೈಲ್ವೆಯಲ್ಲಿದ್ದವರು, ಇಲ್ಲವೇ ಹತ್ತಿ, ಶೇಂಗಾ, ಮೆಣಸಿನಕಾಯಿಯನ್ನು ಮುಂಬಯಿಯ ಮಸ್ಜಿದ್ ಬಂದರಿಗೆ ಕಳಿಸುತ್ತಿದ್ದ ಅಡತಿ ಅಂಗಡಿಯವರು. ಹಳೆಯ ಎಂಜಿನ್ನಿನ ಫೋಟೊ ನನಗೆ ಬೇಡ, ಅದನ್ನು ಬೇಕಾದಷ್ಟು ಮಂದಿ ತೆಗೆದಿಟ್ಟಿದ್ದಾರೆ. ಮಾಲಿನ ಬಿಲ್ಟಿ, ದರದ ಪುಸ್ತಕ, ಪಾರ್ಸಲ್ ಚೀಟಿ, ಮೀಟರ್ ಗೇಜಿನ ಕಾಲದ ದಪ್ಪ ರಟ್ಟಿನ ಟಿಕೇಟು, ಇಂಥವು ಮನೆಯ ಟ್ರಂಕಿನಲ್ಲಿ ಸಿಕ್ಕರೆ ರದ್ದಿಗೆ ಹಾಕುವ ಮೊದಲು ಒಂದು ಸಲ ನನಗೆ ತೋರಿಸಿ. ಪ್ರತಿ ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ನಾನು ಇದೇ ಸಭಾಗೃಹದ ವಾಚನಾಲಯದಲ್ಲಿ ಇರುತ್ತೇನೆ.